ನಮ್ಮ ಭಾವನ ಮೊಣಕಾಲು

ನಮ್ಮ ಸ್ಲೊವೇನಿಯಾದಲ್ಲಿ ಎರಡೇ ಬಗೆಯ ಜನ ಇದ್ದಾರೆ. ಸ್ಕೀ ಮಾಡುವವರು ಒಂದು. ಸ್ಕೀ ಮಾಡಿ ಮೊಣಕಾಲು ಹಾಳುಮಾಡಿಕೊಂಡು ಆಪರೇಷನ್ನಿಗೆ ಕಾಯುತ್ತಿರುವವರು ಇನ್ನೊಂದು. ಮೂರನೆಯ ಬಗೆಯೂ ಇರಬಹುದು ಎಂದು ನಮ್ಮ ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಹೇಳಿದವನಿಗೇ ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡುತ್ತಿದ್ದ.

ಅಪ್ಪನ ಹೆಸರು ಲುದ್ವಿಕ್. ನಿವೃತ್ತನಾಗುವವರೆಗೂ ಗುಡ್ಡದ ಬುಡದ ಒಂದು ಊರಿನಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದ. ಆ ಊರಿನಲ್ಲಿ ಅಪ್ಪನ ಕೈಯಲ್ಲಿ ಕೊರಳಪಟ್ಟಿ ಹಿಡಿಸಿಕೊಂಡು ಹಿಮದ ಇಳಿಜಾರಿಗೆ ತಳ್ಳಿಸಿಕೊಳ್ಳದೆ ದೊಡ್ಡವರಾದವರು ಯಾರೂ ಇಲ್ಲ. ನನಗೂ ನನ್ನ ಅಕ್ಕ ಪೊಲೊನಾಗೂ ಹಲ್ಲು ಬರುವ ಮೊದಲೇ ಕಾಲಿಗೆ ಸ್ಕೀ ಬಂದಿತ್ತಂತೆ.

ಇಂಥ ಮನೆಗೆ ಅಳಿಯನಾಗಿ ಬಂದವನು ಬೊರುತ್. ಮೂರಾ ನದಿಯಾಚೆಯ ಬಯಲಿನವನು. ಅಲ್ಲಿ ನೆಲ ಲಟ್ಟಿಸಿದ ಹಾಗೆ ಚಪ್ಪಟೆ. ಊರಿನ ಅತಿ ಎತ್ತರದ ಜಾಗವೆಂದರೆ ಕರೆಂಟು ಕಂಬದ ಮೇಲಿನ ಕೊಕ್ಕರೆ ಗೂಡು. ಅಂಥ ಕಡೆ ಬೆಳೆದ ಹುಡುಗ ಸ್ಕೀಯನ್ನು ಎಲ್ಲಿ ಕಲಿತಾನು? ಇಷ್ಟು ಸರಳವಾದ ಪ್ರಶ್ನೆ ಎಂಟು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಮೊದಲ ಸಲ ಅವನು ಭಾನುವಾರದ ಊಟಕ್ಕೆ ಬಂದಾಗ ಅಪ್ಪ ಅವನ ಕೆಲಸ ಕೇಳಲಿಲ್ಲ, ಮನೆತನ ಕೇಳಲಿಲ್ಲ. "ಎಲ್ಲಿ ಸ್ಕೀ ಮಾಡ್ತೀಯಪ್ಪ?" ಎಂದು ಕೇಳಿದ. ಬೊರುತ್‌ನ ಬಾಯಲ್ಲಿ ಸುಡುವ ಸೂಪಿತ್ತು.

"ಈಗ ಮಾಡಲ್ಲ," ಎಂದ, ಹೇಗೋ ನುಂಗಿ.

ಅಪ್ಪನ ದನಿ ಸಾವಿನ ಮನೆಗೆ ಹೋದವರ ದನಿಯಾಯಿತು. "ಮೊಣಕಾಲಾ?"

ಬೊರುತ್ ತಲೆಯಾಡಿಸಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎದುರಿಗೆ ಅಕ್ಕ ಕೂತು ಅವನನ್ನೇ ನೋಡುತ್ತಿದ್ದಳು. "ಒಂದು ಸ್ಪರ್ಧೇಲಿ," ಎಂದು ಸೇರಿಸಿದ. "ಬಾವುಟದ ಕಂಬಕ್ಕೆ ಹೊಡ್ಕೊಂಡೆ."

ಅವನು ಹೇಳಿದ ಸುಳ್ಳು ಇಷ್ಟೇ. ಮಿಕ್ಕ ಮಹಡಿಗಳನ್ನೆಲ್ಲ ಕಟ್ಟಿದವನು ಅಪ್ಪ. ಮೊದಲ ವರ್ಷ ಅದು ಶಾಲೆಯ ಸ್ಪರ್ಧೆಯಾಗಿತ್ತು. ಅಕ್ಕನ ಮಗ ಬಿನೆ ಹುಟ್ಟುವ ಹೊತ್ತಿಗೆ ಕಿರಿಯರ ರಾಷ್ಟ್ರೀಯ ಸ್ಪರ್ಧೆಯಾಯಿತು. ಆಮೇಲೆ ಆ ಕಥೆಯಲ್ಲಿ ಮಂಜು ಕವಿಯಿತು. ಬಿನೆಯ ತಂಗಿ ಮಿನ್ಕಾ ಹುಟ್ಟಿದ ವರ್ಷ ಕಂಬ ನೆಟ್ಟವನು ಕುಡಿದಿದ್ದ ಎಂದು ಗೊತ್ತಾಯಿತು. "ಆ ಕುಡುಕ ಒಂದು ಗೇಣು ಆಚೆ ನೆಟ್ಟಿದ್ರೆ ಇವತ್ತು ನಮ್ಮ ಅಳಿಯನ್ನ ಟೀವೀಲಿ ನೋಡ್ತಿದ್ರಿ," ಎಂದು ಅಪ್ಪ ನೆಂಟರಿಗೆಲ್ಲ ಹೇಳುತ್ತಿದ್ದ. ಬೊರುತ್ ತಲೆ ತಗ್ಗಿಸುತ್ತಿದ್ದ. ನೆಂಟರು ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

ಹೀಗೆ ಪ್ರತಿ ಫೆಬ್ರವರಿಯ ಶಾಲಾ ರಜೆಯಲ್ಲಿ ನಾವೆಲ್ಲ ಗುಡ್ಡದ ಮೇಲಿನ ಬಾಡಿಗೆ ಮನೆಗೆ ಹೋಗುತ್ತಿದ್ದೆವು. ನಾವು ಬೆಳಗಿನಿಂದ ಸಂಜೆಯವರೆಗೆ ಸ್ಕೀ ಮಾಡುತ್ತಿದ್ದೆವು. ಮೊಣಕಾಲಿನ ಕಾರಣ ಬೊರುತ್ ಕೆಳಗೆ ಮಕ್ಕಳ ಇಳಿಜಾರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ. ಸಂಜೆ ಅಮ್ಮ ಅವನ ಮೊಣಕಾಲಿಗೆ ಎಲೆಕೋಸಿನ ಎಲೆ ಜಜ್ಜಿ ಕಟ್ಟುತ್ತಿದ್ದಳು. ಒಂದು ವರ್ಷ ಎಡಗಾಲಿಗೆ, ಒಂದು ವರ್ಷ ಬಲಗಾಲಿಗೆ. "ನೋವು ಓಡಾಡುತ್ತೆ," ಎಂದು ಅವಳೇ ಸಮಾಧಾನ ಹೇಳುತ್ತಿದ್ದಳು.

ಈ ವರ್ಷದ ರಜೆಯ ಕೊನೆಯ ದಿನ ಶನಿವಾರ. ಚಿಕ್ಕ ಮಕ್ಕಳಿರುವ ಮನೆಯವರ ಸ್ಕೀ ರಜೆಯ ಕೊನೆಯ ದಿನ ಎಂದರೆ ಸೋತ ಸೈನ್ಯ ಬಿಡಾರ ಕೀಳುವ ದಿನ. ಒಣಗದ ಕೈಗವಸುಗಳು, ಜೋಡಿ ಕಳಕೊಂಡ ಕಾಲುಚೀಲಗಳು, ತನ್ನದೆಂದು ಯಾರೂ ಒಪ್ಪಿಕೊಳ್ಳದ ಒಂದು ಒದ್ದೆ ಚಡ್ಡಿ. ಹೀಟರಿನ ಮೇಲೆ ವಾರದ ಬೆವರೆಲ್ಲ ಬೇಯುತ್ತಿತ್ತು. ಬೆಳಗ್ಗೆಯೇ ಮನೆ ಖಾಲಿ ಮಾಡಬೇಕು, ಆಮೇಲೆ ಸ್ಕೀ ಶಾಲೆಯವರು ಕೊನೆಯ ದಿನ ಮಕ್ಕಳಿಗೆ ನಡೆಸುವ ಸ್ಪರ್ಧೆ, ಅದಾದ ಮೇಲೆ ಊರಿಗೆ.

ಬೊರುತ್ ನೆಲದ ಮೇಲೆ ಕೂತು ಮಿನ್ಕಾಗೆ ಬಟ್ಟೆ ಹಾಕುತ್ತಿದ್ದ. ವಾರವಿಡೀ ಅವಳು ಅವನ ಹಾಸಿಗೆಯಲ್ಲೇ ಅಡ್ಡ ಮಲಗಿ ಅವನ ಪಕ್ಕೆಗೆ ಒದ್ದಿದ್ದಳು. ಅವನ ಕಣ್ಣ ಕೆಳಗೆ ಬದನೆಕಾಯಿ ಬಣ್ಣ ಬಂದಿತ್ತು. ನಾಲ್ಕು ವರ್ಷದ ಮಗುವಿಗೆ ಸ್ಕೀ ಬಟ್ಟೆ ಹಾಕುವುದು ಜೀವಂತ ಮೀನಿಗೆ ಕೋಟು ಹಾಕಿದ ಹಾಗೆ. ಒಳಗಿನದು, ಅದರ ಮೇಲಿನದು, ಅದರ ಮೇಲಿನ ದಪ್ಪ ಜಿಪ್ಪಿನದು, ಬೂಟು, ಕೊರಳಿಗೆ ಉಣ್ಣೆಪಟ್ಟಿ, ಹೆಲ್ಮೆಟ್ಟು, ಕನ್ನಡಕ, ಕೊನೆಗೆ ಹೆಬ್ಬೆರಳು ಎಲ್ಲಿ ಹೋಯಿತೆಂದು ಗೊತ್ತಾಗದ ಕೈಗವಸು. ಎಲ್ಲ ಮುಗಿಸಿ ಬೊರುತ್ ಗೋಡೆಗೊರಗಿದ.

"ಅಪ್ಪಾ," ಎಂದಳು ಮಿನ್ಕಾ.

"ಹೇಳ್ಬೇಡ."

"ಉಚ್ಚೆ."

ಆಗ ಬಾಗಿಲು ದಡಾರನೆ ತೆರೆದು ನಮ್ಮ ಅಪ್ಪ ಒಳಗೆ ಬಂದ. ಕಂಕುಳಲ್ಲಿ ಬಿಸಿ ಬ್ರೆಡ್ಡು, ಮುಖದಲ್ಲಿ ಚುನಾವಣೆ ಗೆದ್ದವನ ಕಳೆ.

"ಮಂಗಳವಾರ!" ಎಂದು ಕೂಗಿದ.

"ಏನು ಮಂಗಳವಾರ?" ಎಂದಳು ಅಮ್ಮ, ಒಲೆಯ ಹತ್ತಿರದಿಂದ.

"ಬೊರುತ್‌ನ ಮೊಣಕಾಲು! ಮಂಗಳವಾರ ಆಪರೇಷನ್ನು! ನಮ್ಮ ಕಲಾನ್ ಸಿಕ್ಕಿದ್ದ, ಬ್ರೆಡ್ಡಿನಂಗಡೀಲಿ. ಗೊತ್ತಾಗ್ಲಿಲ್ವ? ನಾಲ್ಕನೇ ಕ್ಲಾಸಲ್ಲಿ ಗುಡ್ಡ ಹತ್ತಿಸೋ ಲಿಫ್ಟಿಂದ ಬಿದ್ದು ಅಳ್ತಿದ್ನಲ್ಲ, ಮೂಗು ಸೋರೋ ಹುಡುಗ. ಈಗ ಮೂಳೆ ಆಸ್ಪತ್ರೆಗೇ ದೊಡ್ಡ ಡಾಕ್ಟರು. ಇಲ್ಲೇ ಮಕ್ಕಳ ಜೊತೆ ರಜೆಗೆ ಬಂದಿದಾನೆ. ನನ್ನ ಅಳಿಯ ಅಂದೆ, ಎಂಟು ವರ್ಷದಿಂದ ನರಳ್ತಿದಾನೆ ಅಂದೆ. ಮೇಷ್ಟ್ರೇ ನೀವು ಹೇಳಿದ ಮೇಲೆ ಮುಗೀತು, ಮಂಗಳವಾರ ಕರ್ಕೊಂಡು ಬನ್ನಿ ಅಂದುಬಿಟ್ಟ!"

ಅಮ್ಮ ಸೌಟು ಕೆಳಗಿಟ್ಟು ಅಳಲು ಶುರುಮಾಡಿದಳು. ಅಳುವಂಥದ್ದೇ. ನಮ್ಮಲ್ಲಿ ಮೊಣಕಾಲಿನ ಆಪರೇಷನ್ನಿಗೆ ಹೆಸರು ಬರೆಸಿದವರು ಕರೆ ಬರುವಷ್ಟರಲ್ಲಿ ಮೊಮ್ಮಕ್ಕಳನ್ನು ಕಾಣುತ್ತಾರೆ. ಇಲ್ಲಿ ಯಾರೂ ಅಳಿಯನಿಗೆ ಹೊಲ ಬರೆದುಕೊಡುವುದಿಲ್ಲ, ಉಂಗುರ ಹಾಕುವುದಿಲ್ಲ. ಆಸ್ಪತ್ರೆಯ ಸಾಲಿನಲ್ಲಿ ಅಳಿಯನನ್ನು ಮುಂದಕ್ಕೆ ನಿಲ್ಲಿಸುವವನೇ ಮಾವ.

ಬೊರುತ್ ಮಿನ್ಕಾಳ ಜಿಪ್ಪು ಅರ್ಧಕ್ಕೆ ಹಿಡಿದು ಹಾಗೇ ಕೂತಿದ್ದ. ಅವನ ಮುಖ ಹಿಮದ ಬಣ್ಣಕ್ಕೆ ತಿರುಗಿತು.

"ಮಾವ, ಅಂಥ ಅವಸರ ಏನಿಲ್ಲ," ಎಂದ. "ನನಗಿಂತ ಕಷ್ಟದಲ್ಲಿರೋರು ಎಷ್ಟೋ ಜನ..."

"ನೋಡಿದ್ಯಾ?" ಅಪ್ಪ ಅಮ್ಮನ ಕಡೆ ತಿರುಗಿದ. "ಈಗಲೂ ಬೇರೆಯವರ ಚಿಂತೆ."

"ಅಲ್ಲ ಮಾವ, ಈಚೆಗೆ ನೋವೇ ಇಲ್ಲ."

"ನನ್ನ ಎಲೆಕೋಸು!" ಎಂದು ಅಮ್ಮ ಇನ್ನೊಮ್ಮೆ ಅತ್ತಳು.

ಅಷ್ಟರಲ್ಲಿ ಪಕ್ಕದ ಬಾಡಿಗೆ ಮನೆಯ ಹೆರ್ಮಿನಾ, ನಮ್ಮಿಂದ ಕಡ ತಂದಿದ್ದ ಬಾಣಲೆ ವಾಪಸು ಕೊಡಲು ಊರುಗೋಲು ಕುಟ್ಟುತ್ತ ಬಂದಳು. ಅವಳು ಸೊಂಟದ ಆಪರೇಷನ್ನಿಗೆ ಹೆಸರು ಬರೆಸಿ ವರ್ಷಗಳಾಗಿದ್ದವು. ಅಪ್ಪ ಸಂತೋಷ ತಡೆಯಲಾರದೆ ಅವಳಿಗೂ ಹೇಳಿದ.

"ಮಂಗಳವಾರ?" ಎಂದಳು ಹೆರ್ಮಿನಾ. "ಯಾವ ವರ್ಷದ ಮಂಗಳವಾರ?"

"ಈ ಬರೋ ಮಂಗಳವಾರ ಕಣಮ್ಮ!"

ಹೆರ್ಮಿನಾ ಬಾಣಲೆಯನ್ನು ಎದೆಗವಚಿಕೊಂಡು ಬೊರುತ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನನ್ನ ಸೊಂಟ ಬಾಗಿಲ ಕೀಲಿನ ಹಾಗೆ ಕಿರುಗುಟ್ಟುತ್ತೆ. ಇವನು ನಿನ್ನೆ ಎರಡು ಮಕ್ಕಳನ್ನ ಹೆಗಲ ಮೇಲೆ ಹೊತ್ಕೊಂಡು ಮೆಟ್ಟಿಲು ಹತ್ತಿದ್ದನ್ನ ನೋಡ್ದೆ."

"ಆಟಗಾರರ ಗುಣವೇ ಅದು," ಎಂದ ಅಪ್ಪ. "ನೋವು ತೋರಿಸ್ಕೊಳಲ್ಲ."

"ಬೇಕಾದ್ರೆ ನನ್ನ ಮಂಗಳವಾರ ನೀವೇ ತಗೊಳಿ," ಎಂದ ಬೊರುತ್, ಮುಳುಗುವವನ ಹಾಗೆ. "ನಿಜವಾಗ್ಲೂ ಹೇಳ್ತಿದೀನಿ. ದಯವಿಟ್ಟು ತಗೊಳಿ."

ಹೆರ್ಮಿನಾಳ ಕಣ್ಣಲ್ಲೂ ನೀರು ಬಂತು. ಬಾಣಲೆ ಕೆಳಗಿಟ್ಟು ಅವನ ಎರಡೂ ಕೆನ್ನೆಗೆ ಮುತ್ತಿಟ್ಟಳು. "ದೇವರಂಥ ಹುಡುಗ. ನಾನು ಸುಮ್ನೆ ಹೊಟ್ಟೆಕಿಚ್ಚು ಪಟ್ಟೆ," ಎಂದಳು. ಹೋಗುವಾಗ ಆ ಮಹಡಿಯಲ್ಲಿದ್ದ ಎಲ್ಲ ಬಾಗಿಲನ್ನೂ ತಟ್ಟಿ ಸುದ್ದಿ ಹೇಳಿಕೊಂಡು ಹೋದಳು. ನಾವು ಸಾಮಾನು ಇಳಿಸುವಾಗ ಮೆಟ್ಟಿಲಲ್ಲಿ ಸಿಕ್ಕವರೆಲ್ಲ ಬೊರುತ್‌ನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡು ನನ್ನ ಕೈಗೆ ಕೊಟ್ಟರು.

ಈ ಗಲಾಟೆಯಲ್ಲಿ ಮಿನ್ಕಾಳ ಉಚ್ಚೆಯ ವಿಷಯ ಎಲ್ಲರಿಗೂ ಮರೆತುಹೋಗಿತ್ತು. ಮಿನ್ಕಾಗೆ ಮರೆತಿರಲಿಲ್ಲ. ಮತ್ತೆ ಮೊದಲಿನಿಂದ ಬಟ್ಟೆ.

ಮಕ್ಕಳ ಇಳಿಜಾರಿನ ಹತ್ತಿರ ಬೊರುತ್ ಅಕ್ಕನನ್ನು ತಡೆದು ನಿಲ್ಲಿಸಿದ. ಅಕ್ಕ ಆಗಲೇ ಸ್ಕೀ ಕಟ್ಟಿ ಕೈಯಲ್ಲಿ ಕೋಲು ಹಿಡಿದಿದ್ದಳು.

"ಪೊಲೊನಾ, ಒಂದು ವಿಷಯ ಹೇಳ್ಬೇಕು."

"ಕಾರಲ್ಲಿ ಹೇಳು. ಮೇಲೆ ಹೊಸ ಹಿಮ ಬಿದ್ದಿದೆ, ಸ್ಪರ್ಧೆಗೆ ಮುಂಚೆ ಎರಡು ಸುತ್ತು ಹೊಡ್ಕೊಂಡು ಬರ್ತೀನಿ."

"ನನ್ನ ಮೊಣಕಾಲಿನ ವಿಷಯ."

"ಗೊತ್ತು ಕಣೋ, ಅಪ್ಪ ಹೇಳಿದ್ರು. ಭಯ ಬೀಳ್ಬೇಡ, ಪೂರ್ತಿ ನಿದ್ದೆ ಬರಿಸಿಯೇ ಮಾಡ್ತಾರೆ. ಮಿನ್ಕಾ ಮೂಗು ಒರೆಸು." ಅಷ್ಟು ಹೇಳಿ ಅಕ್ಕ ಲಿಫ್ಟಿನ ಕಡೆ ಜಾರಿಹೋದಳು. ಅವಳನ್ನು ದೂರುವಂತಿಲ್ಲ. ಎರಡು ಚಿಕ್ಕ ಮಕ್ಕಳ ತಾಯಿಗೆ ಆ ರಜೆಯಲ್ಲಿ ಉಳಿದಿದ್ದದ್ದು ಎರಡೇ ಸುತ್ತು.

ಬೊರುತ್ ಒಂದು ಕೈಯಲ್ಲಿ ಮಿನ್ಕಾಳನ್ನು, ಇನ್ನೊಂದು ಕೈಯಲ್ಲಿ ಮೂರು ಜೊತೆ ಸ್ಕೀಯನ್ನು ಹಿಡಿದು ಹಿಮದಲ್ಲಿ ನಿಂತಿದ್ದ. ಮಿನ್ಕಾ ಆ ವಾರವಿಡೀ ಸ್ಕೀ ಶಾಲೆಯಲ್ಲಿ ಮಾಡಿದ್ದು ಒಂದೇ ಕೆಲಸ, ಅಂಗಾತ ಮಲಗಿ ಹಿಮ ತಿನ್ನುವುದು. ಎಬ್ಬಿಸಿದರೆ ಕಿರುಚುತ್ತಿದ್ದಳು. ಎಬ್ಬಿಸುವ ಕೆಲಸ ಬೊರುತ್‌ನದು.

ಅಪ್ಪ ಬಂದು ಅವನ ತೋಳು ಹಿಡಿದ. "ಬಾ, ಕಲಾನ್ ಸೂಪು ಕುಡೀತಿದಾನೆ. ಮೊದಲೊಂದು ಸಲ ಮುಟ್ಟಿ ನೋಡ್ತಾನಂತೆ." ಮಿನ್ಕಾಳನ್ನು ನನ್ನ ಕೈಗೆ ಹಾಕಿ ಮೂವರೂ ಗುಡಿಸಲು ಹೋಟೆಲಿಗೆ ನಡೆದೆವು.

ಡಾಕ್ಟರ್ ಕಲಾನ್ ದಪ್ಪಗೆ, ಕೆಂಪಗೆ ಇದ್ದ. ಅಪ್ಪನನ್ನು ಕಂಡ ಕೂಡಲೇ ಎದ್ದು ನಿಂತು ಮೂಗು ಒರೆಸಿಕೊಂಡ; ಹಳೆಯ ಅಭ್ಯಾಸವಿರಬೇಕು. ಬೊರುತ್‌ನ ಕಾಲನ್ನು ಬೆಂಚಿನ ಮೇಲೆ, ಹುಳಿ ಕೋಸಿನ ಸೂಪಿನ ತಟ್ಟೆಯ ಪಕ್ಕಕ್ಕೇ ಇಡಿಸಿದ. ಪ್ಯಾಂಟು ಮೇಲೇರಿಸಿದರು. ಸುತ್ತಲಿನ ಮೇಜಿನವರು ಊಟ ನಿಲ್ಲಿಸಿ ತಿರುಗಿ ಕೂತರು. ನಮ್ಮಲ್ಲಿ ಇನ್ನೊಬ್ಬರ ಮೊಣಕಾಲನ್ನು ನೋಡದೆ ಸುಮ್ಮನಿರುವುದು ಅಸಡ್ಡೆ ಎನಿಸಿಕೊಳ್ಳುತ್ತದೆ.

"ಇಲ್ಲಿ ನೋವಾ?" ಎಂದ ಡಾಕ್ಟರು, ಒತ್ತಿ.

"ಇಲ್ಲ."

"ಇಲ್ಲಿ?"

"ಇಲ್ಲ."

"ಇಲ್ಲೂ ಇಲ್ವಾ?" ಡಾಕ್ಟರ ಹುಬ್ಬು ಗಂಟಾಯಿತು. "ಹ್ಮ್. ಇಷ್ಟು ಒತ್ತಿದ್ರೆ ನನ್ನ ಕಾಲೇ ನೋಯುತ್ತೆ. ನೋವೇ ಗೊತ್ತಾಗದ ಹಂತಕ್ಕೆ ಹೋಗಿಬಿಟ್ಟಿದೆ."

ಪಕ್ಕದ ಮೇಜಿನ ಒಬ್ಬ ಹೆಂಗಸು "ಅಯ್ಯೋ ಪಾಪ" ಎಂದಳು. ಅಪ್ಪ ಅವಳಿಗೆ ಕುಡುಕ ನೆಟ್ಟ ಕಂಬದ ಕಥೆ ಹೇಳಲು ಆ ಮೇಜಿಗೆ ಹೋದ. ಬೊರುತ್ ಅದಕ್ಕೇ ಕಾಯುತ್ತಿದ್ದ. ಡಾಕ್ಟರ ಕಿವಿಯ ಹತ್ತಿರ ಬಾಗಿದ.

"ಡಾಕ್ಟ್ರೇ, ಕೇಳಿ. ಈ ಕಾಲಿಗೆ ಏನೂ ಆಗಿಲ್ಲ. ಯಾವತ್ತೂ ಏನೂ ಆಗಿರ್ಲಿಲ್ಲ. ನಾನು ಹುಟ್ಟಿದಾಗಿನಿಂದ ಸ್ಕೀ ಮಾಡೇ ಇಲ್ಲ. ನನಗೆ ಸ್ಕೀ ಬರೋದೇ ಇಲ್ಲ."

ಡಾಕ್ಟರು ಅವನನ್ನು ಒಂದು ಗಳಿಗೆ ನೋಡಿ ಮೇಜು ಕುಟ್ಟಿ ನಕ್ಕ. ಮಿನ್ಕಾಗೆ ಸೂಪು ಕುಡಿಸುತ್ತಿದ್ದ ನಾನೂ ನಕ್ಕೆ.

"ಭಯಕ್ಕೆ ಜನ ಏನೆಲ್ಲ ಹೇಳ್ತಾರೆ ನೋಡಿ," ಎಂದ ಡಾಕ್ಟರು. "ಹೋದ ವಾರ ಒಬ್ಬ ಆಪರೇಷನ್ ಟೇಬಲ್ ಮೇಲೆ ಮಲಗಿ, ನಾನು ರೋಗಿ ಅಲ್ಲ, ರೋಗಿಯ ತಮ್ಮ ಅಂದ. ಆದ್ರೆ ಸ್ಕೀನೇ ಬರಲ್ಲ ಅಂತ ಈವರೆಗೆ ಯಾರೂ ಹೇಳಿರ್ಲಿಲ್ಲ! ಇದನ್ನ ಆಸ್ಪತ್ರೇಲಿ ಎಲ್ಲರಿಗೂ ಹೇಳ್ತೀನಿ."

"ಮತ್ತೆ ಒಳಗೆ ಏನೂ ಸಿಗ್ದೇ ಹೋದ್ರೆ?"

"ಮೂವತ್ತೈದು ದಾಟಿದ ನಮ್ಮ ಜನದ ಮೊಣಕಾಲಲ್ಲಿ ಏನೂ ಸಿಗದೇ ಇರೋದುಂಟೇ? ತೆರೆದು ನೋಡಿದ್ರೆ ಏನಾದ್ರೂ ಇದ್ದೇ ಇರುತ್ತೆ." ಆಮೇಲೆ ದನಿ ತಗ್ಗಿಸಿದ. "ಅದೂ ಅಲ್ದೆ, ಮೇಷ್ಟ್ರು ಕೇಳಿದಾರೆ. ಆ ಮನುಷ್ಯ ನನ್ನನ್ನ ಕೊರಳಪಟ್ಟಿ ಹಿಡಿದು ಗುಡ್ಡ ಇಳಿಸಿದ್ದು. ಅವರು ನನ್ನ ಕಾಲೇ ಕೊಯ್ಕೋ ಅಂದ್ರೂ ಇಲ್ಲ ಅನ್ನೋ ಧೈರ್ಯ ಇವತ್ತಿಗೂ ನನಗಿಲ್ಲ."

ಹೊರಗೆ ಮಕ್ಕಳ ಸ್ಪರ್ಧೆ ಶುರುವಾಗಿತ್ತು. ಸ್ಕೀ ಶಾಲೆಯ ಟೀಚರ್ ಬ್ರಿನಾ ಮೈಕು ಹಿಡಿದು ಹೆಸರು ಕೂಗುತ್ತಿದ್ದಳು. ಆರು ವರ್ಷದ ಬಿನೆ ಗಂಭೀರವಾಗಿ ಎಲ್ಲ ಬಾವುಟಗಳನ್ನೂ ಸುತ್ತಿ ಬಂದು ಮೂರನೆಯವನಾದ. ಮಿನ್ಕಾ ಹೊರಡುವ ಗೆರೆಯಲ್ಲೇ ಮಲಗಿಕೊಂಡಳು. ಅವಳನ್ನು ಹಾಗೇ ಎತ್ತಿ ತಂದು ಮುಗಿಯುವ ಗೆರೆಯಲ್ಲಿ ಮಲಗಿಸಿ ಅವಳಿಗೂ ಪದಕ ಹಾಕಿದರು. ಸ್ಕೀ ಶಾಲೆಯಲ್ಲಿ ಪದಕ ಸಿಗದೆ ಮನೆಗೆ ಹೋದ ಮಗು ಇನ್ನೂ ಹುಟ್ಟಿಲ್ಲ.

"ಈಗ ಅಪ್ಪಂದಿರ ಸುತ್ತು!" ಎಂದು ಬ್ರಿನಾ ಕೂಗಿದಳು. ಇದು ಸುಮ್ಮನೆ ತಮಾಷೆಗೆ ನಡೆಯುವುದು. ಅಪ್ಪಂದಿರು ಎದೆಗೆ ಮಕ್ಕಳ ನಂಬರು ಚೀಟಿ ಕಟ್ಟಿಕೊಂಡು, ಮೇಲೆ ಒಂದು ಗುಟುಕು ಪ್ಲಮ್ ಸಾರಾಯಿ ಹಾಕಿ, ಚಿಕ್ಕ ಇಳಿಜಾರನ್ನು ಇಳಿಯುತ್ತಾರೆ. ಗೆದ್ದವನಿಗೆ ಒಂದು ಸಾಸೇಜು.

ಬೊರುತ್ ಪದಕದ ಮೇಜಿನ ಪಕ್ಕ ನಿಂತಿದ್ದ. ಒಂದು ನಿಮಿಷ ಅವನು ಬೆಟ್ಟವನ್ನೇ ನೋಡಿದ. ಆಮೇಲೆ ನೇರ ಸ್ಕೀ ಬಾಡಿಗೆ ಅಂಗಡಿಗೆ ಹೋದ. ಹೊರಗೆ ಬಂದಾಗ ಕಾಲಲ್ಲಿ ಸ್ಕೀ ಬೂಟು, ಹೆಗಲಲ್ಲಿ ಸ್ಕೀ. ನಡಿಗೆ ಬಾತುಕೋಳಿಯದು. ಮುಖದಲ್ಲಿ ಮಾತ್ರ ತೀರ್ಮಾನ ಮಾಡಿದವನ ಶಾಂತಿ.

ಹೇಳಿದರೆ ಯಾರೂ ನಂಬುತ್ತಿಲ್ಲ, ಕಣ್ಣಾರೆ ನೋಡಲಿ ಎಂದುಕೊಂಡೆ ಎಂದು ಆಮೇಲೆ ಹೇಳಿದ. ಆಗ ನಮಗೆ ಕಂಡದ್ದು ಬೇರೆ. ಹಳೆಯ ಆಟಗಾರ ಕತ್ತರಿ ಬೀಳುವ ಮೊದಲು ಕೊನೆಯ ಸಲ ಬೆಟ್ಟಕ್ಕೆ ಹೋಗುತ್ತಿದ್ದಾನೆ, ಅಷ್ಟೇ. ಅಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಅಪ್ಪ ಅಡ್ಡ ಹೋಗಿ ನಿಂತ.

"ಬೇಡ ಬೊರುತ್. ಬೇಡಪ್ಪ. ಆ ಕಾಲಲ್ಲಿ ಬೇಡ."

"ನೋಡಿ ಮಾವ," ಎಂದ ಬೊರುತ್. "ಚೆನ್ನಾಗಿ ನೋಡಿ. ಎಲ್ಲರೂ ನೋಡಿ."

ಅಪ್ಪ ದಾರಿ ಬಿಟ್ಟು ಟೋಪಿ ತೆಗೆದ.

ಚಿಕ್ಕ ಲಿಫ್ಟು ಎಂದರೆ ತೊಡೆಗಳ ನಡುವೆ ಸಿಕ್ಕಿಸಿಕೊಳ್ಳುವ ಒಂದು ತಟ್ಟೆ, ಅದನ್ನು ಎಳೆಯುವ ಹಗ್ಗ. ಬೊರುತ್ ತಟ್ಟೆಯನ್ನು ಕೈಯಲ್ಲಿ ಹಿಡಿದ. ಲಿಫ್ಟು ಅವನನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಹೋಯಿತು. "ಮೊಣಕಾಲಿಗೆ ಭಾರ ಬೀಳದ ಹಾಗೆ ಹೋಗ್ತಿದಾನೆ," ಎಂದು ಅಪ್ಪ ಪಕ್ಕದವರಿಗೆ ವಿವರಿಸಿದ. ಮೇಲೆ ತಲುಪಿ ಎದ್ದು ನಿಂತ ಬೊರುತ್ ಜನರ ಕಡೆ ತಿರುಗಲು ಹೋದ. ಅಷ್ಟರಲ್ಲಿ ಸ್ಕೀಗಳು ಅವನನ್ನು ಕೇಳದೆ ಹಿಂದಕ್ಕೆ ಹೊರಟವು.

ಅವನು ಬೆನ್ನು ಮುಂದಾಗಿ ಇಳಿದ. ಮೊದಲ ಬಾವುಟವನ್ನು ಕಂಕುಳಲ್ಲಿ ಕಿತ್ತುಕೊಂಡ. ಎರಡನೆಯದನ್ನು ಕಾಲ ನಡುವೆ ತಂದ. ಮುಗಿಯುವ ಗೆರೆಯಲ್ಲಿ ಇನ್ನೂ ಮಲಗಿದ್ದ ಮಿನ್ಕಾ ತಲೆಯೆತ್ತಿ "ನಮ್ಮಪ್ಪ" ಎಂದಳು. ಅವನು ಅವಳನ್ನು ಹಾದು, ಕೂತು, ಮಲಗಿ, ಒಂದು ಸುತ್ತು ತಿರುಗಿ, ಪದಕದ ಮೇಜಿನ ಕಾಲುಗಳ ನಡುವೆ ನುಗ್ಗಿದ. ಮೇಜಿನ ಮೇಲಿದ್ದ ಚಹಾದ ದೊಡ್ಡ ಪಾತ್ರೆ ಅವನ ಪಕ್ಕಕ್ಕೆ ಬಂದು ಕೂತಿತು.

ಇಡೀ ಇಳಿಜಾರೇ ಚಪ್ಪಾಳೆ ತಟ್ಟಿತು.

"ಆ ಕಾಲಲ್ಲಿ!" ಅಪ್ಪ ಎಲ್ಲರ ಮುಂದೆ ಅತ್ತುಬಿಟ್ಟ. "ಆ ಕಾಲಲ್ಲಿ!"

"ನಡು ನೋಡಿದ್ರಾ, ನಡು?" ಎಂದ ಮೀಸೆಯವನೊಬ್ಬ. "ಬೀಳುವಾಗಲೂ ನಡು ಸಡಿಲ ಆಗ್ಲಿಲ್ಲ. ಅದನ್ನ ಕಲಿಸೋಕಾಗಲ್ಲ, ಹುಟ್ಟಿನಿಂದ ಬರ್ಬೇಕು."

"ಹಿಂದುಮುಂದಾಗಿ ಬಂದದ್ದು ಬೇಕಂತಲೇ," ಎಂದ ಇನ್ನೊಬ್ಬ. "ಹಳೇ ಕಾಲದ ಶೈಲಿ. ಈಗ ಅದನ್ನ ಮಾಡೋರೇ ಇಲ್ಲ."

"ಅಲ್ಲ!" ಮೇಜಿನ ಕೆಳಗಿನಿಂದ ಬೊರುತ್ ಕೂಗಿದ. "ನನಗೆ ಬರಲ್ಲ! ನೋಡ್ಲಿಲ್ವಾ? ನನಗೆ ಸ್ಕೀ ಬರಲ್ಲ!"

"ಎಷ್ಟು ಕಠಿಣ ಮನುಷ್ಯ," ಎಂದಳು ಹೆರ್ಮಿನಾ, ಊರುಗೋಲಿಗೆ ಒರಗಿ. "ತನ್ನನ್ನ ತಾನೇ ಕ್ಷಮಿಸ್ತಿಲ್ಲ."

ಬಿನೆ ತನ್ನ ಅಪ್ಪನ ಹತ್ತಿರ ಬಗ್ಗಿ ಕೂತ. "ಅಪ್ಪಾ, ಮೂಗು ಯಾವ ಕಡೆಗಿರುತ್ತೋ ಆ ಕಡೆ ಬರ್ಬೇಕು. ಬ್ರಿನಾ ಟೀಚರ್ ಮೊದಲನೇ ದಿನಾನೇ ಹೇಳ್ಕೊಟ್ಟಿದ್ರು." ಈ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬ್ರಿನಾ ಸಾಸೇಜು ತಂದು ಬೊರುತ್‌ನ ಕೈಗಿಟ್ಟಳು.

ಡಾಕ್ಟರ್ ಕಲಾನ್ ಜನರನ್ನು ಸರಿಸಿಕೊಂಡು ಬಂದ. "ಮಂಗಳವಾರದವರೆಗೆ ಕಾಯೋ ಹಾಗಿಲ್ಲ ಮೇಷ್ಟ್ರೇ. ಸೋಮವಾರವೇ ಕರ್ಕೊಂಡು ಬನ್ನಿ."

ಬೊರುತ್‌ನನ್ನು ನಾಲ್ಕು ಜನ ಎತ್ತಿ ಬೆಂಚಿನ ಮೇಲೆ ಕೂರಿಸಿದರು. ಅಪ್ಪ ಮಂಡಿಯೂರಿ ಕೂತು ತಾನೇ ಅವನ ಬೂಟಿನ ಕೊಂಡಿ ಬಿಚ್ಚಿದ. ಒಂದು ಬೂಟು ಎಳೆದ. ಅದನ್ನು ತಿರುಗಿಸಿ ನೋಡಿದ. ಇನ್ನೊಂದು ಎಳೆದು, ಅದನ್ನೂ ನೋಡಿದ. ಎರಡನ್ನೂ ಹಿಮದ ಮೇಲೆ ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ಕೂತಿದ್ದ. ಆಮೇಲೆ ಎದ್ದು ಕಾರಿನ ಕಡೆ ನಡೆದ. ಭಾವೋದ್ವೇಗ ಇರಬೇಕು ಎಂದುಕೊಂಡೆವು.

ಎರಡು ಕಾರಿನಲ್ಲಿ ಹೊರಟೆವು. ಅಕ್ಕ ಮತ್ತು ಅಮ್ಮ ಸಾಮಾನಿನ ಕಾರಿನಲ್ಲಿ. ಇನ್ನೊಂದನ್ನು ಅಪ್ಪ ಓಡಿಸುತ್ತಿದ್ದ. ಪಕ್ಕದ ಸೀಟಿನಲ್ಲಿ ಬೊರುತ್. ಹಿಂದೆ ಎರಡು ಮಕ್ಕಳ ಸೀಟಿನ ನಡುವೆ, ಒಂದು ತೊಡೆಯ ಮೇಲೆ ಹೆಲ್ಮೆಟ್ಟುಗಳು, ಇನ್ನೊಂದರ ಮೇಲೆ ವಾಂತಿಯ ಚೀಲ ಇಟ್ಟುಕೊಂಡು ನಾನು. ಮಕ್ಕಳು ಮೊದಲ ತಿರುವಿನಲ್ಲೇ ನಿದ್ದೆಹೋದವು. ಊರಿಗೆ ಹೋಗುವ ಕಾರುಗಳೆಲ್ಲ ಒಂದರ ಹಿಂದೊಂದು ಅಂಟಿಕೊಂಡು ತೆವಳುತ್ತಿದ್ದವು. ನಾನೂ ಕಣ್ಣು ಮುಚ್ಚಿದ್ದೆ.

"ಬೂಟು," ಎಂದ ಅಪ್ಪ.

ಬೊರುತ್ ತನ್ನ ಪಾದ ನೋಡಿಕೊಂಡ.

"ಎಡಗಾಲಿಂದು ಬಲಗಾಲಲ್ಲಿತ್ತು. ಬಲಗಾಲಿಂದು ಎಡಗಾಲಲ್ಲಿತ್ತು. ನಮ್ಮ ಬಿನೆ ಎರಡು ವರ್ಷದವನಿದ್ದಾಗಲೂ ಆ ತಪ್ಪು ಮಾಡಿರ್ಲಿಲ್ಲ."

"ಅದಕ್ಕೇ ಅಷ್ಟು ನೋಯ್ತಿತ್ತಾ?" ಎಂದ ಬೊರುತ್. ಆಮೇಲೆ ಎಲ್ಲವನ್ನೂ ಹೇಳಿದ. ಸುಡುವ ಸೂಪು, ಕೊಕ್ಕರೆ ಗೂಡು, ಚಪ್ಪಟೆ ನೆಲ, ಡಾಕ್ಟರ ನಗು. ಅವನ ದನಿಯಲ್ಲಿ ನಾಚಿಕೆ ಇರಲಿಲ್ಲ. ನಾಚಿಕೆಪಡುವುದಕ್ಕೂ ಸ್ವಲ್ಪ ನಿದ್ದೆಯಾಗಿರಬೇಕು. "ಸೋಮವಾರದ್ದನ್ನ ಬೇಡ ಅಂತ ಹೇಳಿಬಿಡಿ ಮಾವ," ಎಂದು ಮುಗಿಸಿದ. "ಕಾಲು ಕಲ್ಲಿನ ಹಾಗಿದೆ."

ಸುರಂಗ ಬಂತು, ಹೋಯಿತು.

"ಯಾರ್ಯಾರಿಗೆ ಗೊತ್ತು?" ಎಂದ ಅಪ್ಪ.

"ನಿಮಗೊಬ್ಬರಿಗೇ."

"ಪೊಲೊನಾಗೆ?"

"ಕೇಳೋಕೆ ಅವಳಿಗೆ ಪುರುಸೊತ್ತಿರ್ಲಿಲ್ಲ."

"ಡಾಕ್ಟರು ನಂಬ್ಲಿಲ್ಲ ತಾನೆ?"

"ಇಲ್ಲ."

"ಒಳ್ಳೇ ಹುಡುಗ ಅವನು," ಎಂದು ಅಪ್ಪ ನಿಟ್ಟುಸಿರು ಬಿಟ್ಟ. ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ. ನಾನು ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿದೆ. "ಹಾಗಾದ್ರೆ ಸೋಮವಾರ. ಭಾನುವಾರ ರಾತ್ರಿಯಿಂದ ಏನೂ ತಿನ್ಬೇಡ."

"ಮಾವ! ನಾನು ಹೇಳಿದ್ದು ಕೇಳಿಸ್ತಾ? ಕಾಲು ಚೆನ್ನಾಗಿದೆ!"

"ಈಗ ಕಾಲಿನ ವಿಷಯ ಅಲ್ಲಪ್ಪ ಇದು," ಎಂದ ಅಪ್ಪ. ಅಷ್ಟು ಮೆತ್ತಗೆ ಅಪ್ಪ ಮಾತಾಡಿದ್ದನ್ನು ನಾನು ಅವತ್ತಿನವರೆಗೆ ಕೇಳಿರಲಿಲ್ಲ. "ಇಡೀ ಗುಡ್ಡ ನೋಡಿದೆ. ಹೆರ್ಮಿನಾ ನೋಡಿದಾಳೆ. ಆ ಮೀಸೆಯೋನು ನನ್ನ ಕೈ ಕುಲುಕ್ದ. ಈಗ ನಾನು ಹೋಗಿ ಏನಂತ ಹೇಳ್ಲಿ? ಮೊಣಕಾಲು ಮುರಿದ ಅಳಿಯ ಇದ್ರೆ ಜನ ಕಣ್ಣೊರೆಸ್ತಾರೆ. ಸ್ಕೀ ಬಾರದ ಅಳಿಯ ಅಂದ್ರೆ... ಬೊರುತ್, ನನಗೂ ವಯಸ್ಸಾಯ್ತು."

ಬೊರುತ್ ಬಾಯಿ ತೆರೆದ. ಅಷ್ಟರಲ್ಲಿ ಹಿಂದೆ ಮಿನ್ಕಾ ಎದ್ದಳು. ಎದ್ದವಳು ಮೊದಲು ಕಿರುಚಿ, ಆಮೇಲೆ ಬೆಳಗಿನಿಂದ ತಿಂದ ಹಿಮವನ್ನೂ ಸೂಪನ್ನೂ ಚೀಲ ತಪ್ಪಿಸಿ ನನ್ನ ತೊಡೆಗೆ ಕಕ್ಕಿದಳು. ಆ ಸದ್ದಿಗೆ ಬಿನೆ ಎದ್ದು, ಪದಕ ಎಲ್ಲಿ ಎಂದು ಅಳಲು ಶುರುಮಾಡಿ, ಸಿಕ್ಕಿದ ಮೇಲೆ ಅದು ಮಿನ್ಕಾಳ ಪದಕ ಎಂದು ಇನ್ನೂ ಜೋರಾಗಿ ಅತ್ತ. ಮಿನ್ಕಾ ಪದಕದಿಂದ ಅವನ ತಲೆಗೆ ಹೊಡೆದಳು. "ಅಪ್ಪಾ! ಅಪ್ಪಾ! ಅಪ್ಪಾ!" ಎಂದು ಇಬ್ಬರೂ ಮುಂದಿನ ಸೀಟಿಗೆ ಒದೆಯತೊಡಗಿದರು. ಮುಂದಿನ ಕಾರುಗಳ ಸಾಲು ಪೂರ್ತಿ ನಿಂತುಹೋಯಿತು.

ಒದೆತದ ಜೊತೆ ಜೊತೆಗೆ ಬೊರುತ್‌ನ ತಲೆ ಹಿಂದೆ ಮುಂದೆ ಆಡುತ್ತಿತ್ತು. ಅವನು ಹಾಗೇ ಬಹಳ ಹೊತ್ತು ಗಾಜಿನಾಚೆ ನೋಡಿದ.

"ಮಾವ," ಎಂದ ಕೊನೆಗೆ. "ಆಪರೇಷನ್ ಆದ್ಮೇಲೆ ಎಷ್ಟು ದಿನ ಮಲಗಿರ್ಬೇಕು?"

"ಆರು ವಾರ ಅಂತಾನೆ ಕಲಾನ್. ಮೊದಲ ವಾರ ಆಸ್ಪತ್ರೇಲೇ."

"ಮಕ್ಕಳನ್ನ ಒಳಗೆ ಬಿಡ್ತಾರಾ?"

"ಇಲ್ಲ. ಆ ವಾರ್ಡಿಗೆ ಮಕ್ಕಳನ್ನ ಬಿಡೋದೇ ಇಲ್ಲ."

ಬೊರುತ್ ಕೈ ಕೆಳಗೆ ಹಾಕಿ ಸೀಟಿನ ಹಿಡಿ ಎಳೆದು, ಬೆನ್ನನ್ನು ಹಿಂದಕ್ಕೆ ಬಾಗಿಸಿಕೊಂಡ. ಕಣ್ಣು ಮುಚ್ಚಿದ.

"ಯಾವ ಕಾಲು ಅಂತ ಹೇಳಿದೀರಿ, ಮಾವ?"

"ಬಲಗಾಲು."

"ಆಗಲಿ," ಎಂದು ಬೊರುತ್ ಬಲಗಾಲನ್ನು ಹುಷಾರಾಗಿ ನೀಡಿಕೊಂಡ.